ಕಾರಿನ ತಳದ ನಾಲ್ಕು ತೂತು

1978 ಮೇ 14

ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅರುವತ್ತಾರರಲ್ಲಿ ಮತ್ತೆ ಕಾಪಿ ಬರೆಯಬೇಕು. ಮಣಿಪಾಲದ ಡಾಕ್ಟರ್ ಹೇಳಿದ್ದು — ಬಿ.ಪಿ. ಏರಿದೆ, ಸಿಟ್ಟು ಬಂದರೆ ಬೊಬ್ಬೆ ಹೊಡೆಯಬೇಡಿ, ಬರೆದಿಡಿ. ಮಗಳು ಸ್ವರ್ಣಲತಾ ಅವತ್ತೇ ಡೈರಿ ತಂದಳು. "ಯಾರೂ ಓದುವುದಿಲ್ಲ ಅಪ್ಪ, ಬೈಗುಳ ಎಲ್ಲ ಇದರಲ್ಲೇ ಹಾಕಿ." ಇಷ್ಟು ಸಣ್ಣ ಪುಸ್ತಕ ಸಾಲುವುದಿಲ್ಲ.

ಇವತ್ತಿನ ಸಿಟ್ಟು ಕಾರಿನದ್ದು. ಬಿಲಾಯ್ತಿ ಕಾರು. ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಹುಡ್. ನಾನೂ ಕುಕ್ಕುಂದೂರಿನ ಕ್ಲಾರೆನ್ಸ್ ಮಾಸ್ಟ್ರೂ ಕೂಡಿ ತೆಗೆದುಕೊಂಡದ್ದು, ಎರಡು ವರ್ಷ ಆಯಿತು. ಬಾಡಿಯ ಒಳಗೆಲ್ಲ ಮರದ ಚೌಕಟ್ಟು. ದೋಣಿ ಕಟ್ಟಿದ ಕೈ ನನ್ನದು, ಅದಕ್ಕೇ ಆಸೆ ಬಿದ್ದದ್ದು. ಮಾಸ್ಟ್ರ ಕೈಯಲ್ಲಿ ಬರೀ ಇಂಗ್ಲಿಷ್ ಪುಸ್ತಕ, ಕಾರಿನ ಜೊತೆ ಬಂದದ್ದು. ಓದಿದ ಪುಟಕ್ಕೆಲ್ಲ ಪೆನ್ಸಿಲಿನಲ್ಲಿ ತಾರೀಕು ಹಾಕುತ್ತಾರೆ.

ಕಾರ್ಕಳ ಬಸ್‌ಸ್ಟ್ಯಾಂಡಿನ ಎದುರೇ ನಿಂತಿತು, ದರಿದ್ರ. ಸ್ಟಾರ್ಟ್ ಇಲ್ಲ. ದೂಡಲು ಬಂದವರೆಲ್ಲ ಮಾಸ್ಟ್ರ ಹಳೆಯ ಶಿಷ್ಯರು. ನಾನು ಹೇಳಿದೆ, "ನಿಮ್ಮ ಮಾಸ್ಟ್ರಿಗೆ ಪ್ಲಗ್ ಯಾವುದು, ಪಂಕ್ಚರ್ ಯಾವುದು ಅಂತ ತೋರಿಸಿ ಮಾರಾಯ್ರೆ. ಇವರಿಂದ ನೀವು ಎಂತ ಕಲಿತದ್ದು?" ಎಲ್ಲ ನಕ್ಕರು. ಮಾಸ್ಟ್ರು ಪುಸ್ತಕ ಮುಚ್ಚಿದರು.

ದೂಡಿದ ಮೇಲೆ ಸ್ಟಾರ್ಟ್ ಆಯಿತು. ಹುಡ್ ಮಡಚಿ ಉಡುಪಿಯಿಂದ ನಮ್ಮ ಕಾಪುವಿನವರೆಗೆ ಬಂದೆವು. ಕಡಲ ಗಾಳಿ. ತೊಡೆ ಸುಡುವ ಇಂಜಿನ್, ಕಣ್ಣಿಗೆ ಧೂಳು... ಆದರೂ ರಾಜನ ಹಾಗೆ. ನಾನು ಹಾಡಿದೆ. ಮಾಸ್ಟ್ರು ಹಾಡಲಿಲ್ಲ.

ಮೇ 28

ಕಡಲ ಬದಿಯ ನನ್ನ ದೋಣಿ ಶೆಡ್ಡಿನಲ್ಲಿ ಕಾರಿನ ಅಡಿ ಮಲಗಿ ನೋಡಿದೆ. ತಳದ ಹಲಗೆಯಲ್ಲಿ ನಾಲ್ಕು ತೂತು, ಬೆರಳು ಹೋಗುವಷ್ಟು. ಇಂಥ ತಳ ಇಟ್ಟುಕೊಂಡು ಮಳೆಗಾಲ ಕಳೆಯುವುದೇ? ಹತ್ತಿ ಹೊಸೆದು, ರಾಳ ಅದ್ದಿ, ಉಳಿಯಿಂದ ಬಡಿದು ಕೂರಿಸಿದೆ. ಅಂಚಿನ ಸಂದುಗಳಿಗೂ ಅದೇ. ಮೇಲೆ ಎರಡು ಕೈ ಬೂತಾಯಿ ಮೀನಿನ ಎಣ್ಣೆ. ಇನ್ನು ನೀರಲ್ಲ, ನೀರಿನ ಅಪ್ಪನೂ ಒಳಗೆ ಬರುವಂತಿಲ್ಲ.

ಮಾಸ್ಟ್ರು ಪುಸ್ತಕ ತೊಡೆಯ ಮೇಲಿಟ್ಟು ನೋಡುತ್ತಿದ್ದರು.

"ಎಂತ ಮಾಸ್ಟ್ರೇ, ಪುಸ್ತಕದಲ್ಲಿ ಇದಕ್ಕೆ ಎಂತಾದರೂ ಉಂಟಾ?"

"ನೀವು ಆಚಾರ್ರು. ತೂತಿನ ವಿಷಯ ನಿಮಗಿಂತ ಹೆಚ್ಚು ಯಾರಿಗೆ ಗೊತ್ತು?"

ಎರಡು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡರು. ಒಳ್ಳೆಯ ದಿನ.

ಜೂನ್ 10

ಮಳೆ ಹಿಡಿದಿದೆ. ಶೆಡ್ಡಿಗೆ ಹೊದೆಸಿದ ತೆಂಗಿನ ಮಡಲು ಸೋರುತ್ತಿದೆ, ಹುಡ್ಡಿನಲ್ಲಿ ಒಂದು ಹರಕು. ಹೊಲಿಸಬೇಕಿತ್ತು. ಎದೆ ಸರಿಯಿಲ್ಲ. ನಾಳೆ ಮಣಿಪಾಲದಲ್ಲಿ ಅಡ್ಮಿಟ್, ಮಗಳೂ ಜೊತೆಗೆ. ಶೆಡ್ಡಿನ ಬೀಗದ ಕೈ ಮಾಸ್ಟ್ರಿಗೆ ಕೊಟ್ಟೆ. "ವಾರಕ್ಕೊಮ್ಮೆ ನೋಡಿ." ನೋಡುತ್ತೇನೆ ಅಂದರು.

ಜುಲೈ 23

ನಿನ್ನೆ ಬಿಟ್ಟರು. ಪ್ರತಿ ಆದಿತ್ಯವಾರ ಮಾಸ್ಟ್ರು ಬ್ರೆಡ್ಡು ಹಿಡಿದು ಆಸ್ಪತ್ರೆಗೆ ಬಂದಿದ್ದರು. ಪ್ರತಿ ಸಲ ಕೇಳಿದ್ದೆ. "ಕಾರು ಇದ್ದಲ್ಲೇ ಉಂಟು," ಅಷ್ಟೇ.

ಇವತ್ತು ಶೆಡ್ ತೆಗೆದೆ. ಕಾರಿನೊಳಗೆ ಒಂದು ಗೇಣು ನೀರು. ಕಪ್ಪೆ. ಮೇಲಿಂದ ಬಿದ್ದ ನೀರು ಕೆಳಗೆ ಹೋಗಲು ದಾರಿ ಇಲ್ಲ... ದಾರಿ ಮುಚ್ಚಿದವನು ನಾನು. ದೋಣಿಗೆ ನೀರು ಕೆಳಗಿನಿಂದ ಬರುತ್ತದೆ. ಇದಕ್ಕೆ ಮೇಲಿನಿಂದ. ಇಷ್ಟು ಹೊಳೆಯಲಿಲ್ಲ, ಕತ್ತೆಗೆ.

ಚೌಕಟ್ಟಿಗೆ ಉಗುರು ಒತ್ತಿದೆ. ಬೇಯಿಸಿದ ಗೆಣಸು. ಬಾಗಿಲು ಕೈಗೇ ಕಿತ್ತು ಬಂತು.

ಪುಸ್ತಕ ಮಾತ್ರ ಗೋಡೆಯ ಹಲಗೆಯ ಮೇಲೆ, ಪ್ಲಾಸ್ಟಿಕ್ ಸುತ್ತಿ ಇಟ್ಟಿತ್ತು. ಒಂದು ಹನಿ ತಾಗಿಲ್ಲ.

ಜುಲೈ 26

ಪುಸ್ತಕ ಮಗಳ ಕೈಗೆ ಕೊಟ್ಟು ಓದು ಅಂದೆ. ಹುಡುಕಿ ಓದಿದಳು. ತಳದ ತೂತುಗಳು ಮಳೆನೀರು ಹೋಗಲಿಕ್ಕೆ, ಅವನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಅಡಿಯಲ್ಲಿ ಪೆನ್ಸಿಲ್ ಗೆರೆ. ತಾರೀಕು 12-5-78. ನಾನು ಮುಚ್ಚಿದ್ದು 28ಕ್ಕೆ.

"ಅಪ್ಪ, ಸಿಟ್ಟು ಮಾಡಬೇಡಿ, ಬರೆಯಿರಿ." ಬರೆಯುತ್ತಿದ್ದೇನೆ. ಪೆನ್ನಿನ ಮೂತಿ ಮುರಿಯಿತು. ಇದು ಎರಡನೇ ಪೆನ್ನು.

ಜುಲೈ 30

ಎರಡು ಬಸ್ ಹತ್ತಿ ಕುಕ್ಕುಂದೂರಿಗೆ ಹೋದೆ. ಮಾಸ್ಟ್ರು ಚಾವಡಿಯಲ್ಲಿದ್ದರು. ಕುಳಿತುಕೊಳ್ಳಲಿಲ್ಲ ನಾನು.

"ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬಾಯಿಗೆ ಎಂತ ಆಗಿತ್ತು?"

"ನನ್ನ ಬಾಯಿ ನೀವು ಕಾರ್ಕಳದಲ್ಲಿ ಮುಚ್ಚಿಸಿದ್ದೀರಿ ಆಚಾರ್ರೇ. ನಾನು ಅಕ್ಷರ ಕಲಿಸಿದ ಮಕ್ಕಳ ಎದುರು. ಈಗಲೂ ಪೇಟೆಗೆ ಹೋದರೆ 'ಪ್ಲಗ್ ಮಾಸ್ಟ್ರು' ಅಂತಾರೆ."

"ಅದಕ್ಕೆ ಕಾರನ್ನು ಕೊಲ್ಲುವುದಾ?"

"ಎರಡನೇ ವಾರವೇ ನೀರು ನಿಂತಿತ್ತು. ಕೈ ಹಾಕಿ ಹತ್ತಿ ಎಳೆದರೆ ಮುಗಿಯುತ್ತಿತ್ತು. ಪ್ರತಿ ವಾರ ಹೋಗಿ ಎದುರು ನಿಂತೆ. ಒಮ್ಮೆ ಅತ್ತದ್ದೂ ಉಂಟು. ಆದರೆ ಕೈ ಹಾಕಲಿಲ್ಲ."

"ಈ ಕಾರೆಂದರೆ ನಿಮಗೆ ಜೀವ ಅಂತ ತಿಳಿದಿದ್ದೆ."

"ಜೀವವೇ. ನಿಮಗೂ ಹೌದಲ್ವಾ? ಅದಕ್ಕೇ."

ಕಾಫಿ ತಂದಿಟ್ಟರು. ಅಂಗಳಕ್ಕೆ ಚೆಲ್ಲಿ ಬಂದೆ.

ಆಗಸ್ಟ್ 6

ಸಂತೆಕಟ್ಟೆಯ ಗ್ಯಾಸ್ ಕಟ್ಟರಿನ ಯೂಸುಫನನ್ನು ಕರೆಸಿದೆ. ಬಾನೆಟ್ಟಿನಿಂದ ಹಿಂದಿನ ಬಂಪರಿನವರೆಗೆ ನೂಲು ಹಿಡಿದು, ನಟ್ಟನಡುವೆ ಸುಣ್ಣದ ಗೆರೆ ಹೊಡೆದು ತೋರಿಸಿದೆ.

"ಆಚಾರ್ರೇ, ಇದೇನು ಹಲಸಿನ ಹಣ್ಣಾ, ಅರ್ಧ ಮಾಡಲಿಕ್ಕೆ?"

"ನಿನಗೆ ಕೊಯ್ಯಲು ಬರುತ್ತದಾ ಇಲ್ಲವಾ?"

"ಬರುತ್ತದೆ. ಆದರೆ ಇದನ್ನು ನೀವೇ ರಿಪೇರಿ ಮಾಡಬಹುದಲ್ಲ. ನಿಮ್ಮ ಕೈಗೆ ಮರ ಎಂತ ದೊಡ್ಡದು?"

ಮಾಡಬಹುದು. ಎರಡು ತಿಂಗಳ ಕೆಲಸ. ಹೆಬ್ಬಲಸಿನ ಮರದ ತುಂಡುಗಳು ಶೆಡ್ಡಿನಲ್ಲೇ ಇವೆ. ಅವನಿಗೆ ಹೇಳಲಿಲ್ಲ.

ಆಗಸ್ಟ್ 8, ಬೆಳಿಗ್ಗೆ

ಪೋಸ್ಟ್ ಕಾರ್ಡಿಗೆ ಹಾಕುವ ಮೊದಲು ಇಲ್ಲಿ ಬರೆದು ನೋಡುವುದು.

ಕ್ಲಾರೆನ್ಸ್ ಮಾಸ್ಟ್ರಿಗೆ. ಕಾರಿನಲ್ಲಿ ಅರ್ಧ ನಿಮ್ಮದು. ಯೂಸುಫ್ 21ಕ್ಕೆ ಬರುತ್ತಾನೆ, ಉದ್ದಕ್ಕೆ ಕೊಯ್ಯುತ್ತಾನೆ. ನಿಮಗೆ ಯಾವ ಅರ್ಧ ಬೇಕು, ಸ್ಟಿಯರಿಂಗ್ ಇರುವುದೋ, ಇಲ್ಲದ್ದೋ? ಕೊಯ್ಯುವುದು ಬೇಡ ಅಂತಿದ್ದರೆ ಅದನ್ನು ಕಾಪುವಿಗೆ ಬಂದು, ನನ್ನ ಮುಖ ನೋಡಿ ಹೇಳಬೇಕು. ಆಗಸ್ಟ್ 20ರ ಒಳಗೆ ಉತ್ತರ ಬರಬೇಕು.