ವೀರಪ್ಪನ ಭಟ್ಟಿ, ರಾಯವ್ವನ ಸೋಡಾ

ರಾಮದುರ್ಗ
ಸೋಮವಾರ, ಫೆಬ್ರವರಿ 1974

ಶಟ್ಟೆಪ್ಪಣ್ಣನಿಗೆ ತಂಗಿ ಸಾವಂತ್ರೆವ್ವ ಮಾಡುವ ನಮಸ್ಕಾರ.

ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ನನ್ನ ಕೈ ಅದನ್ನು ಬರೆಯಲೊಲ್ಲದು. ನೀನು ಚಚಡಿಯಲ್ಲಿ ಸೋದರಮಾವನ ಮನೆ ಸೇರಿದ್ದೀ ಎಂದು ಬಸ್ಸಿನ ಕಂಡಕ್ಟರ್ ಗಂಗಯ್ಯ ಹೇಳಿದ. ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಅಡಗಿ ಕೂಡ್ರುವುದೂ ನಿನಗೆ ಬರುವುದಿಲ್ಲ, ಅಣ್ಣ.

ಮೊದಲು ನಮ್ಮ ಕಾರಖಾನೆಯ ಲಗಮಪ್ಪನ ಸುದ್ದಿ. ಅವನ ಎಡಗಣ್ಣು ಹೋಯಿತು. ಬಲಗಣ್ಣಿನೊಳಗಿನ ಗಾಜಿನ ಚೂರು ತೆಗೆದು ಪಟ್ಟಿ ಕಟ್ಟಿದ್ದಾರೆ. ಗುರುವಾರ ಮುಂಜಾನೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಅದನ್ನು ಬಿಚ್ಚುತ್ತಾರೆ. ಕಾಣುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ.

‘ನಾವು ಸೋಡಾ ಮಂದಿ ಅಲ್ಲ, ಭಟ್ಟಿ ಮಂದಿ’ ಎಂದು ನೀನು ಮೀಸೆ ಮೇಲೆ ಕೈ ಹಾಕಿ ಹೇಳುತ್ತಿದ್ದೆ. ಖರೆ. ಅಜ್ಜ ವೀರಪ್ಪ ಸಂಸ್ಥಾನದ ಪರವಾನಗಿ ಪಡೆದು ಬೆಲ್ಲ, ಜಾಲಿ ತೊಗಟೆ ಕೊಳೆ ಹಾಕಿ ಸರಾಯಿ ಇಳಿಸುತ್ತಿದ್ದ. ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ದಾರೂಬಂದಿ ಬಂದಾಗ ಅಪ್ಪ ಕೊಳೆಯ ಮಣ್ಣಿನ ಹರವಿಗಳನ್ನು ಬೋರಲು ಹಾಕಿ ಹಾಸಿಗೆ ಹಿಡಿದ. ಅವ್ವ ಹಿಡಿಯಲಿಲ್ಲ. ಭಟ್ಟಿಯ ತಾಮ್ರದ ಹಂಡೆಯನ್ನು ಕಂಚಗಾರರಿಗೆ ಮಾರಿ ಬೆಳಗಾವಿಯಿಂದ ಸೋಡಾ ಮಷೀನು ತಂದಳು. ಓಣಿಯವರು ನಕ್ಕರು. ‘ಮಂದಿ ಕುಡದು ನೆಟ್ಟಗ ಮನಿಗಿ ಹೋಗಬೇಕು, ಅಂಥಾದ್ದ ಮಾರೂಣು’ ಎಂದಳು ಅವ್ವ. ರಾಯವ್ವನ ಗೋಲಿ ಸೋಡಾ ಸವದತ್ತಿ, ಬೈಲಹೊಂಗಲದವರೆಗೆ ಚಕ್ಕಡಿಯಲ್ಲಿ ಹೋಯಿತು. ಅಂದಿನಿಂದ ಮಷೀನಿನ ಮುಂದೆ ನಿಂತವನು ಲಗಮಪ್ಪ. ನಿನಗೆ ಅದರ ಹಿಡಿ ತಿರುವಲು ಕಲಿಸಿದವನೂ ಅವನೇ.

ಈಗ ಹುಬ್ಬಳ್ಳಿಯಿಂದ ಲಾರಿ ತುಂಬ ಬಣ್ಣದ ಬಾಟಲಿಗಳು ಬರುತ್ತವೆ. ನಮ್ಮ ಸೀಸೆಗಳನ್ನು ಹೋಟೆಲಿನವರು ಹಿತ್ತಲಲ್ಲಿ ಒಟ್ಟುತ್ತಾರೆ. ಕಾರಖಾನೆ ಕಣ್ಣೆದುರೇ ಸೊರಗುತ್ತಿತ್ತು. ನಿನ್ನ ಸಂಕಟ ನನಗೆ ತಿಳಿಯದ್ದಲ್ಲ. ಆದರೆ ದಾರೂಬಂದಿ ಎತ್ತಿದಾಗಿನಿಂದ ನಿನ್ನ ತಲೆಯಲ್ಲಿ ಅಜ್ಜನ ಭಟ್ಟಿ ಕುದಿಯುತ್ತಲೇ ಇತ್ತು. ದಾರೂ ಮಾರುವಂತಿಲ್ಲದ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನಕ್ಕೆ ಕದ್ದು ಮಾರಲು ಸೋಡಾ ಸೀಸೆಯಲ್ಲಿ ಸರಾಯಿ ತುಂಬಿಕೊಡು ಎಂದು ಆ ಸರಾಯಿ ಗುತ್ತಿಗೆದಾರ ಕೇಳಿದ್ದೇ ತಡ, ನೀನು ಹೂಂ ಅಂದುಬಿಟ್ಟೆ. ‘ಗುಡ್ಡದ ಬುಡಕ ಉಗರಗೋಳದಾಗ ಗೋಲಿ ಸೀಸೆ ಕಂಡ್ರ ಯಾವ ಪೊಲೀಸನೂ ಮೂಸಿ ನೋಡಂಗಿಲ್ಲ’ ಎಂದೆ. ನಾನು ಬೇಡವೆಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು.

ಸೋಡಾ ಕಾರಖಾನೆಯಲ್ಲಿ ಬೆಳೆದವನು ನೀನು. ಗೋಲಿಯನ್ನು ಸೀಸೆಯ ಕೊರಳಿಗೆ ಒತ್ತಿ ಹಿಡಿಯುವುದು ಒಳಗಿನ ಗ್ಯಾಸು ಎಂಬುದೂ ಮರೆತುಹೋಯಿತೇ? ಗ್ಯಾಸಿಲ್ಲದೆ ನೀನು ಬರೀ ಸರಾಯಿ ತುಂಬಿದೆ. ಗೋಲಿ ಕೆಳಗುರುಳಿತು, ಸರಾಯಿ ಚೆಲ್ಲಿತು. ಗುತ್ತಿಗೆದಾರ ಬಾಗಿಲಲ್ಲಿ ನಿಂತು ನಕ್ಕ. ಆ ನಗುವಿನ ಸಿಟ್ಟಿಗೆ ನೀನು ಗ್ಯಾಸಿನ ಚಾವಿ ತಿರುವಿದೆ, ಮತ್ತೂ ತಿರುವಿದೆ. ಹಳೆಯ ಸೀಸೆಗಳನ್ನು ಬೆರಳಿಂದ ಬಡಿದು ನೋಡಿ ಸೀಳಿದ್ದನ್ನು ಬೇರೆ ಇಡಲು ಲಗಮಪ್ಪನಿಗೆ ಪುರಸೊತ್ತು ಕೊಡಲಿಲ್ಲ. ‘ಸಾಕ್ರೀ ಅಣ್ಣಾರ, ಸೀಸೆ ತಡಿಯಂಗಿಲ್ರಿ’ ಎಂದು ಅವನು ಅಂದದ್ದು ಸೀಸೆ ತೊಳೆಯುತ್ತ ಕೂತಿದ್ದ ನನಗೆ ಕೇಳಿಸಿತು. ನಿನಗೆ ಕೇಳಿಸಲಿಲ್ಲ. ತಂತಿ ಜಾಳಿಗೆಯನ್ನು ಮುಖಕ್ಕೆ ಕಟ್ಟಿಕೊಳ್ಳದೆ ಅವನೇ ಚಾವಿ ಮುಚ್ಚಲು ಬಗ್ಗಿದ. ಆಗ ಒಡೆಯಿತು.

ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅವನು ನೆಲಕ್ಕೆ ಕುಸಿದ. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ಗುತ್ತಿಗೆದಾರ ಮಾಯವಾಗಿದ್ದ. ನೀನು ಹಿಂದಿನ ಬಾಗಿಲಲ್ಲಿದ್ದೆ. ನಾನು ಕೂಗಿದೆ. ನೀನು ತಿರುಗಿ ನೋಡಿದೆ, ಆಮೇಲೂ ಹೋದೆ. ಸೀಸೆ ಒಡೆದದ್ದನ್ನು ನುಂಗಿಕೊಂಡೇನು, ಇದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ದವಾಖಾನೆಗೆ ಪೊಲೀಸ್ ಫೌಜದಾರ ಬಂದಿದ್ದ. ‘ಸೋಡಾ ತುಂಬೂ ಮುಂದ ಒಡೀತ್ರಿ, ಯಾರದೂ ತಪ್ಪಿಲ್ರಿ’ ಎಂದ ಲಗಮಪ್ಪ. ಅವನ ಹೆಂಡತಿ ಕೆಂಚವ್ವ ಗೋಡೆಗೆ ಮುಖ ಮಾಡಿ ಕೂತಳು. ಇತ್ತ ಗುತ್ತಿಗೆದಾರ ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು ಕೂಡುತ್ತಾನೆ. ಉಳಿದ ಸರಾಯಿ ತುಂಬಿಕೊಡಿ, ಇಲ್ಲವೇ ನಿಮ್ಮಣ್ಣನ ಹೆಸರು ಪೊಲೀಸರಿಗೆ ಹೇಳುತ್ತೇನೆ ಎನ್ನುತ್ತಾನೆ. ‘ಹೇಳ್ರಿ, ನಿಮ್ಮ ಹೆಸರೂ ಕೂಡೇ ಹೇಳ್ರಿ’ ಎಂದೆ. ಮಷೀನಿಗೆ ಬೀಗ ಹಾಕಿದ್ದೇನೆ. ಇನ್ನು ಅದನ್ನು ತೆಗೆಯುವುದಿಲ್ಲ. ಅವ್ವನ ಸೋಡಾ ಮುಗಿಯಿತು ಎಂದು ಅತ್ತಾಯಿತು.

ಮೊನ್ನೆ ಹುಬ್ಬಳ್ಳಿಗೆ ಹೋದಾಗ ಲಗಮಪ್ಪ ನನ್ನ ಬಳೆ ಸದ್ದಿಗೇ ಗುರುತು ಹಿಡಿದ. ‘ಅಣ್ಣಾರು ಎಲ್ಲಿ ಅದಾರ್ರೀ ಯವ್ವಾ? ಉಣ್ಣಾಕ ಹತ್ಯಾರಿಲ್ಲೋ?’ ಎಂದು ಕೇಳಿದ. ಕೆಂಚವ್ವ ನನ್ನನ್ನು ಹೊರಗೆ ಕರೆದು, ‘ರೊಕ್ಕ ಬ್ಯಾಡ, ಕೇಸು ಬ್ಯಾಡ. ಪಟ್ಟಿ ಬಿಚ್ಚೂ ಹೊತ್ತಿನಾಗ ನಿಮ್ಮ ಅಣ್ಣಾರು ಎದುರಿಗಿರಬೇಕ್ರಿ’ ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಗುರುವಾರ ಬಾ, ಅಣ್ಣ. ಮಂಚದ ಎದುರಿಗೆ ನಿಲ್ಲು. ಕಂಡರೆ ಅವನಿಗೆ ಮೊದಲು ನಿನ್ನ ಮುಖ ಕಾಣಲಿ. ಕಾಣದಿದ್ದರೆ, ಯಾರು ನಿಂತಿದ್ದಾರೆ ಎಂದು ಅವನು ಕೇಳುತ್ತಾನೆ. ಆಗ ನಿನ್ನ ಹೆಸರು ನೀನೇ ಹೇಳು.

ಎಲ್ಲಮ್ಮತಾಯಿ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಮೇಲಿನ ಸಿಟ್ಟು ಇಳಿಯದ, ಮಾಯೆಯೂ ಹರಿಯದ ತಂಗಿ,
ಸಾವಂತ್ರೆವ್ವ