ಹೇಳಬಾರದ ಊರಿನ ಹೆಸರು

ನರಿನ್
ಫೆಬ್ರವರಿ ಹನ್ನೊಂದು

ಪ್ರೀತಿಯ ಮಗ ತಿಲೆಕ್‌ಗೆ,

ಹೇಗಿದ್ದೀಯಪ್ಪಾ? ನಿಮ್ಮ ಹವಾಮಾನ ಕೇಂದ್ರದಲ್ಲಿ ಹಿಮ ಬಾಗಿಲಿನ ಚಿಲಕದವರೆಗೆ ಬಂದಿದೆ ಎಂದು ರೇಷನ್ ಗಾಡಿಯ ಡ್ರೈವರ್ ಹೇಳಿದ. ಕೆಮ್ಮು ಹೋಯಿತೇ? ಕಳಿಸಿರುವ ಕುರಿಕೊಬ್ಬನ್ನು ಬಿಸಿ ಚಹಾದಲ್ಲಿ ಕರಗಿಸಿ ಕುಡಿ. ಜೊತೆಗಾರರಿಗೆಲ್ಲ ಹಂಚಿ ದೊಡ್ಡಸ್ತಿಕೆ ಮೆರೆಯಬೇಡ. ನನ್ನ ಮೊಣಕಾಲು ಮೊದಲಿನಂತೆಯೇ ಇದೆ. ನಿನ್ನ ಹೆಂಡತಿ ಜಿಬೆಕ್ ಚೆನ್ನಾಗಿದ್ದಾಳೆ, ಹೊಟ್ಟೆಯೊಳಗಿನದು ಒದೆಯತೊಡಗಿದೆ. ಗಂಡಾದರೆ ತೀರಿಹೋದ ಅಪ್ಪನ ಹೆಸರನ್ನೇ ಇಡೋಣ ಎಂದು ನೀನು ಬರೆದದ್ದನ್ನು ಓದಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಮಾವನ ಹೆಸರನ್ನು ಅವಳು ಹೇಳುವ ಹಾಗಿಲ್ಲ. ಮತ್ತೆ ಮಗುವನ್ನು ಊಟಕ್ಕೆ ಕರೆಯುವವರು ಯಾರು? ನೀನು ಬೆಟ್ಟದ ಮೇಲಿಂದ ಕೂಗುತ್ತೀಯಾ? ಇರಲಿ, ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಇಲ್ಲಿ ನಡೆದದ್ದನ್ನು ಹೇಳಬೇಕು. ನನಗೇ ಪೂರ್ತಿ ಅರ್ಥವಾಗಿಲ್ಲ.

ಜಿಬೆಕ್‌ಳ ಆಫೀಸಿನವರು ಆಂಬುಲೆನ್ಸ್ ಕಳಿಸುವ ಕೇಂದ್ರಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವುದು ನಿನಗೆ ಗೊತ್ತಲ್ಲ. ಯಾರೋ ಫೋನು ಮಾಡಿ ಊರಿನ ಹೆಸರು ಹೇಳಿದರೆ ಗಾಡಿ ಅಲ್ಲಿಗೆ ಓಡಬೇಕು. ಹೋದ ವಾರ ಹೆರಿಗೆ ನೋವಿನ ಹೆಂಗಸಿಗೆಂದು ಒಂದು ಊರಿನಿಂದ ಫೋನು ಬಂತು, ಗಾಡಿ ಬೇರೆ ಊರಿಗೆ ಹೋಯಿತು. ಪುಣ್ಯಕ್ಕೆ ನೆರೆಯವರು ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು, ತಾಯಿ ಮಗು ಕ್ಷೇಮ. ಆ ಊರು ಯಾವುದೆಂದು ಬಿಡಿಸಿ ಹೇಳಬೇಕೇ? ಅಪ್ಪನ ಹೆಸರಿನಿಂದ ಶುರುವಾಗುತ್ತದಲ್ಲ, ಅದು. ಕುದುರೆಯ ಲಾಳ, ಒಲೆ ಕೆದಕುವ ಸಲಾಕೆ ಇವೆಲ್ಲ ಯಾವ ಲೋಹದವೋ ಅದೇ ಅವರ ಹೆಸರು. ನಾನು ಅವುಗಳನ್ನೂ ‘ಕರಾ’ ಎನ್ನುತ್ತೇನೆ, ಕಪ್ಪಗಿವೆಯಲ್ಲ ಎಂದು. ಹಾಗೆಯೇ ಆ ಊರು ನಮ್ಮ ಮನೆಯಲ್ಲಿ ಕರಾ-ಸೂ ಆಯಿತು, ಮದುವೆಯಾಗಿ ಬಂದ ಜಿಬೆಕ್ ಕೂಡ ಹಾಗೇ ಕಲಿತಳು. ಆದರೆ ನಿಜವಾದ ಕರಾ-ಸೂ ಕಣಿವೆಯ ಆಚೆ ಬದಿಗಿದೆ. ಗಾಡಿ ಹೋದದ್ದು ಅಲ್ಲಿಗೆ.

ಆಫೀಸಿನಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನ. ಶರತ್ಕಾಲದಲ್ಲಿ ಪ್ರೋಗ್ರಾಂ ಸರಿಯಾಗಿತ್ತು, ಈಗ ಕೆಟ್ಟಿದೆ, ನಡುವೆ ಎಲ್ಲರೂ ಸೇರಿ ಮಾಡಿದ ಬದಲಾವಣೆಗಳು ರಾಶಿ ಬಿದ್ದಿವೆ. ಆಗ ಜಿಬೆಕ್‌ಳೇ ಮುಂದೆ ಬಂದು, ಜಗಳ ಬೇಡ, ಯಂತ್ರವೇ ಹುಡುಕಲಿ ಎಂದಳಂತೆ. ನನಗೆ ಹೇಗೆ ವಿವರಿಸಿದಳು ಗೊತ್ತೇ? ನಿನ್ನ ಅಪ್ಪ ನೀರುಗಂಟಿಯಾಗಿದ್ದಾಗ ಕಾಲುವೆ ನೀರು ನಿಂತರೆ ಏನು ಮಾಡುತ್ತಿದ್ದರು? ನೇರ ನಡುದಾರಿಗೆ ಕುದುರೆ ಓಡಿಸುತ್ತಿದ್ದರು. ಅಲ್ಲಿ ನೀರಿದ್ದರೆ ಕಟ್ಟಿಕೊಂಡದ್ದು ಕೆಳಗೆ, ಇಲ್ಲದಿದ್ದರೆ ಮೇಲೆ. ಉಳಿದ ಅರ್ಧದ ನಡುವಿಗೆ ಮತ್ತೆ ಓಟ. ಯಂತ್ರವೂ ಅದನ್ನೇ ಮಾಡುತ್ತದಂತೆ, ಕಾಲುವೆಯ ಬದಲು ದಿನಗಳ ಮೇಲೆ. ನಡುವಿನ ದಿನದ ಪ್ರೋಗ್ರಾಮನ್ನು ತೆಗೆದು, ಆ ಊರಿನ ಹೆಸರು ಕೊಟ್ಟು, ಗಾಡಿ ಎಲ್ಲಿಗೆ ಹೋಗುತ್ತದೆಂದು ತಾನೇ ನೋಡುತ್ತದೆ. ಸರಿಯಿದ್ದರೆ ಈಚಿನ ಅರ್ಧ, ತಪ್ಪಿದ್ದರೆ ಆಚಿನ ಅರ್ಧ. ಯಾರೂ ಪಕ್ಕದಲ್ಲಿ ಕೂರಬೇಕಿಲ್ಲ. ಇವರು ಚಹಾ ಕುಡಿದು ಬರುವಷ್ಟರಲ್ಲಿ ಅದು ಒಂದೇ ಒಂದು ಬದಲಾವಣೆಯ ಮೇಲೆ ಬೆರಳಿಟ್ಟು ನಿಂತಿತ್ತು. ಊರುಗಳ ಪಟ್ಟಿಯನ್ನು ಓರಣಗೊಳಿಸಿದ್ದು, ಮಾಡಿದವಳು ನಿನ್ನ ಹೆಂಡತಿ.

ಪಾಪದ ಹುಡುಗಿ, ಆ ಸಾಲನ್ನು ಎಷ್ಟು ನೋಡಿದರೂ ಅದರಲ್ಲಿ ತಪ್ಪೇನೆಂದು ಅವಳಿಗೆ ಹೊಳೆಯಲಿಲ್ಲವಂತೆ. ಕರಾ-ಸೂ ಎಂದಿದೆ, ಸರಿಯಾಗಿಯೇ ಇದೆಯಲ್ಲ! ಟೈಪು ಮಾಡುವಾಗ ಬಾಯಲ್ಲಿ ಗುನುಗುವ ಅಭ್ಯಾಸ ಅವಳಿಗೆ. ಬಾಯಿ ಹೇಳಿದ್ದನ್ನು ಬೆರಳು ಬರೆದಿದೆ. ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗಲೇ ಗೊತ್ತಾದದ್ದು. ಅದು ಮಾವನ ಹೆಸರು, ಹೇಳುವ ಹಾಗಿಲ್ಲ ಎಂದು ವಿವರಿಸಿದ್ದಕ್ಕೆ ಅವರ ಮೇಲಧಿಕಾರಿ ಮಾರಾತ್, ರಾಜಧಾನಿಯಲ್ಲಿ ಬೆಳೆದ ಹುಡುಗ, ನಕ್ಕುಬಿಟ್ಟ. “ಕಂಪ್ಯೂಟರಿಗೂ ಮಾವ ಇದಾರೇನಮ್ಮ?” ಎಂದನಂತೆ. ಆಮೇಲೆ ನಗು ನಿಂತಿತು. ತಿದ್ದಿದ ಪಟ್ಟಿಯನ್ನು ಅವಳೇ ಕೇಂದ್ರದವರಿಗೆ ಫೋನಿನಲ್ಲಿ ಓದಿ ಒಪ್ಪಿಸಬೇಕು ಎಂದ. ಇವಳು ಓದುತ್ತಾ ಹೋದಳು, ಆ ಒಂದು ಹೆಸರಿನ ಹತ್ತಿರ ಬಂದಾಗ ಬಾಯಿ ಕಟ್ಟಿತು. ನಾಳೆ ಓದದಿದ್ದರೆ ಕೆಲಸಕ್ಕೇ ಬರುವುದು ಬೇಡ ಎಂದು ಹೇಳಿ ಕಳಿಸಿದ.

ಮನೆಗೆ ಬಂದು ಅತ್ತಳು. ಕೆಲಸ ಹೋದರೂ ಪರವಾಗಿಲ್ಲ ಅಮ್ಮಾ, ಮನೆಯ ಮರ್ಯಾದೆ ಕಳೆಯುವುದಿಲ್ಲ ಎಂದಳು. ನನಗೆ ಏನು ಮಾಡಬೇಕೆಂದೇ ತೋಚಲಿಲ್ಲ. ನನ್ನ ಅತ್ತೆ ಇದ್ದಿದ್ದರೆ ಇವಳ ಬೆನ್ನು ತಟ್ಟುತ್ತಿದ್ದರು. ಆದರೆ ಜೀಪಿನಲ್ಲಿ ನರಳುತ್ತಾ ಹೋದ ಆ ಹೆಂಗಸೂ ಯಾರದೋ ಸೊಸೆಯಲ್ಲವೇ? ಬೆಳಿಗ್ಗೆ ಹಿಟ್ಟು ನಾದಿ ಕರಿದ ಬೋರ್ಸೊಕ್ ಬಟ್ಟೆಯಲ್ಲಿ ಕಟ್ಟಿಕೊಂಡು ಅವಳ ಜೊತೆ ಹೊರಟೆ. ಬೈಯಲು ಹೋದವರು ಬೋರ್ಸೊಕ್ ಒಯ್ಯುತ್ತಾರೆಯೇ, ಬೇಡಿಕೊಳ್ಳಲು ಹೋದವರು ಹಾಗೆ ತಲೆ ಎತ್ತಿ ನಡೆಯುತ್ತಾರೆಯೇ, ಅದೂ ಗೊತ್ತಾಗಲಿಲ್ಲ.

“ಅಮ್ಮಾ, ಇದು ಮನೆ ವಿಷಯ ಅಲ್ಲ,” ಎಂದ ಮಾರಾತ್.

“ಮನೆ ವಿಷಯಾನೇ ಕಣಪ್ಪ,” ಎಂದೆ. “ನಿನ್ನ ಯಂತ್ರ ಇವಳ ಹತ್ರ ಬಂದು ನಿಂತುಬಿಡ್ತು. ಇನ್ನೂ ಹಿಂದಕ್ಕೆ ಹೋಗಿದ್ರೆ ನಾನು ಸಿಗ್ತಿದ್ದೆ. ಫೋನ್ ಇಲ್ಲಿ ಕೊಡು.”

ಕೊಟ್ಟ. ನಾನು ಆ ಊರಿನ ಹೆಸರನ್ನು ಪೂರ್ತಿಯಾಗಿ ಹೇಳಿದೆ. ಆ ಕಡೆಯ ಹುಡುಗಿ ಇನ್ನೊಮ್ಮೆ ಹೇಳಿ ಎಂದಳು, ಇನ್ನೊಮ್ಮೆ ಹೇಳಿದೆ. ಆಮೇಲೆ ಫೋನನ್ನು ಜಿಬೆಕ್‌ಗೆ ಕೊಟ್ಟು, ಮನೆಯ ಹಿರಿಯಳಾಗಿ ಹೇಳ್ತಿದೀನಿ, ಓದು ಎಂದೆ. ತಗ್ಗಿದ ದನಿಯಲ್ಲಿ ಓದಿದಳು. ಕೆಲಸ ಉಳಿಯಿತು. ಮಾರಾತ್ ಬೋರ್ಸೊಕ್ ತಿನ್ನುತ್ತಾ, ಇನ್ನು ಮೇಲೆ ಪಟ್ಟಿ ಬದಲಾದಾಗಲೆಲ್ಲ ಆ ಊರಿನ ಪರೀಕ್ಷೆಯೂ ತಾನಾಗಿ ನಡೆಯುವಂತೆ ಮಾಡುತ್ತೇವೆ ಎಂದ.

ಅಂದಿನಿಂದ ನನ್ನ ತಲೆ ಗೊಂದಲದ ಗೂಡಾಗಿದೆ. ನಾನೂ ಆ ಯಂತ್ರದಂತೆ ನನ್ನ ಸಂಸಾರದ ನಡುವಿಗೆ ಹೋಗಿ ನೋಡಿದೆ. ನಡುವಿನಲ್ಲಿ ನೀನು ಹುಟ್ಟಿದ ವರ್ಷ ಸಿಕ್ಕಿತು, ಆಗ ನಿನ್ನ ಅಪ್ಪನನ್ನು ‘ಏಯ್’ ಎನ್ನುತ್ತಿದ್ದೆ. ಅದಕ್ಕೂ ಹಿಂದೆ ಹೋದೆ, ಆಗಲೂ ‘ಏಯ್’. ಮೊದಲ ದಿನವೂ ಅಷ್ಟೇ. ಹುಡುಕಾಟ ಶುರುಮಾಡಲು ಸರಿಯಾಗಿದ್ದ ದಿನ ಒಂದಾದರೂ ಬೇಕು ಎನ್ನುತ್ತಾಳೆ ಜಿಬೆಕ್. ನನಗೆ ಅದೇ ಸಿಗಲಿಲ್ಲ. “ಆಡಿಗೂ ಹೆಸರಿಟ್ಟು ಕರೀತೀಯ, ನಾನೊಬ್ನೇ ಏಯ್,” ಎಂದು ಅವರು ಕೀಟಲೆ ಮಾಡುತ್ತಿದ್ದರು. ಮರ್ಯಾದೆಯೆಂದೇ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಲಿಲ್ಲ. ಕೊನೆಗೆ ಗುರುತಿಲ್ಲದ ಹುಡುಗಿಯೊಬ್ಬಳು ಫೋನಿನಲ್ಲಿ ಕೇಳಿಸಿಕೊಂಡಳು, ಅವರು ಕೇಳಿಸಿಕೊಳ್ಳಲಿಲ್ಲ. ಇದಕ್ಕೆ ತುಂಬಾ ದುಃಖವಾಗುತ್ತದೆ ಮಗನೇ. ಹೇಳಿದ್ದು ಸರಿಯೋ, ಇಷ್ಟು ದಿನ ಹೇಳದೆ ಇದ್ದದ್ದು ಸರಿಯೋ, ತಿಳಿಯುತ್ತಿಲ್ಲ.

ಬಿಳಿ ದಾರಿ ಸಿಗಲಿ ಎಂದು ಹರಸುವುದು ನಮ್ಮ ರೂಢಿ. ನಿನಗೆ ಹಿಮ ಈಗಲೇ ಸಾಕಾಗಿದೆ, ಆದ್ದರಿಂದ ದಾರಿ ತೆರೆದಿರಲಿ, ಒಲೆ ಉರಿಯುತ್ತಿರಲಿ ಎನ್ನುತ್ತೇನೆ. ಜಿಬೆಕ್ ನಿನ್ನನ್ನು ಕೇಳಿದ್ದಾಳೆ, ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ.

ನಿನ್ನ ಅಮ್ಮ,
ಬುರುಲ್

ಮರೆತೆ: ರೇಷನ್ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮಗುವಿನ ಹೆಸರು. ಬೇಡ ಎಂದು ಬರೆಯಲೆಂದೇ ಕೂತಿದ್ದೆ, ಈಗ ಅದನ್ನೇ ಇಡು ಎನ್ನುತ್ತೇನೆ. ಹುಡುಗ ಅಂಗಳದಲ್ಲಿ ಆಡುತ್ತಿರುವಾಗ ಬಾಗಿಲಲ್ಲಿ ನಿಂತು ಜೋರಾಗಿ ಕೂಗುತ್ತೇನೆ, ಗೋರಿಯಿರುವ ಗುಡ್ಡದವರೆಗೂ ಕೇಳಲಿ. ನನ್ನ ಕೈಯಿಂದ ಬರೆಯುತ್ತಿರುವುದು ಇದೇ ಮೊದಲು, ಅಕ್ಷರ ಸರಿಯಾಗಿದೆಯೇ ನೋಡು: ತೆಮಿರ್.