ಎಡ ನಳಿಗೆಯ ಗುಂಡು

ಜೂನ್ 3, 2024. ಬೆಳಿಗ್ಗೆ 7.10
ಹಾಲು ತಂದೆ. ಫ್ರಿಡ್ಜ್ ಬಾಗಿಲಲ್ಲಿ ಹೆಂಡತಿ ಸುಬ್ಬಮ್ಮನ ಇನ್ಸುಲಿನ್ ಪೆನ್ನುಗಳು ಇನ್ನೂ ಇವೆ — ಮೂರು. ತೆಗೆಯಬೇಕು. ಅವಳು ತೀರಿಕೊಂಡು ಇಪ್ಪತ್ತಾರು ದಿನ. ಮಗಳು ನಯನಾ ಫೋನ್ ಮಾಡಿದ್ದಳು. ತಿಂಡಿ ತಿಂದೆ ಎಂದೆ. ತಿಂದಿರಲಿಲ್ಲ.

ಜೂನ್ 5
ಕೋಗಿಲಿನ ಅನಂತರಾಜು ಯಲಹಂಕದ ಮನೆಗೆ ಹುಡುಕಿಕೊಂಡು ಬಂದಿದ್ದರು. ಅಪಾರ್ಟ್‌ಮೆಂಟ್ ಕಟ್ಟಿಸುವವರು. ಏರ್‌ಫೋರ್ಸ್‌ನಲ್ಲಿ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿದವನು ಅಂತ ಯಾರೋ ನನ್ನ ಹೆಸರು ಹೇಳಿದ್ದಾರೆ. ಅವರ ತಾತನ ಜೋಡುನಳಿಗೆ ರೈಫಲ್, ಲೈಸೆನ್ಸ್ ಈಗ ಇವರ ಹೆಸರಿಗಿದೆ. ಆಗಸ್ಟ್‌ನಲ್ಲಿ ಟಾಂಜಾನಿಯಾಕ್ಕೆ — ಕಾಡೆಮ್ಮೆ ಬೇಟೆ. ಅಲ್ಲಿ ಪರ್ಮಿಟ್ ಕೊಡುತ್ತಾರಂತೆ.
"ತೋಟಾ ಅಲ್ಲೇ ಕೊಡ್ತಾರೆ ಸಾರ್. ಯಾವ್ದು ಅಂತ ಈಗ್ಲೇ ಬರ್ದು ಕಳಿಸ್ಬೇಕು. ಇರೋದ್ರಲ್ಲಿ ದೊಡ್ದು ಏಳ್ಬುಡಿ."
ದೊಡ್ಡದು ಚಿಕ್ಕದು ಅಂತಿಲ್ಲ ಎಂದೆ. ಗುಂಡಿನ ತೂಕ ನಳಿಗೆಯ ಕೆಳಗೇ ಕೆತ್ತಿದೆ, ನಾನೂರು ಗ್ರೇನ್. ಎರಡೂ ನಳಿಗೆಗಳನ್ನು ಆ ತೂಕಕ್ಕೇ ಹೊಂದಿಸಿ ಬೆಸೆದಿರುತ್ತಾರೆ. ಬೇರೆ ಹಾಕಿದರೆ ಎಡದ್ದೊಂದು ಕಡೆ, ಬಲದ್ದೊಂದು ಕಡೆ.
"ಇಂಗೆಲ್ಲಾ ಐತಾ ಸಾರ್!"

ಜೂನ್ 16
ಶೂಟಿಂಗ್ ರೇಂಜ್‌ಗೆ ಹೋಗಿ ಟೆಸ್ಟ್ ಮಾಡಿದೆವು. ತಾತನ ಕಾಲದ ಆರು ತೋಟಾ, ಎರಡು ಸಿಡಿಯಲಿಲ್ಲ. ಉಳಿದ ನಾಲ್ಕೂ ಐವತ್ತು ಗಜದಲ್ಲಿ ಅಂಗೈ ಅಗಲದೊಳಗೆ. ಒಳ್ಳೆಯ ರೈಫಲ್. ಭುಜ ನೀಲಿಗಟ್ಟಿದೆ. ಸ್ನಾನ ಮಾಡುವಾಗಷ್ಟೇ ನೋಡಿದೆ.

ಜೂನ್ 19. ಮಧ್ಯಾಹ್ನ 3
ಮತ್ತೆ ಅನಂತರಾಜು. ತೂಕ ತೀರ್ಮಾನವಾಯಿತು. ಇನ್ನು ಗುಂಡಿನ ಜಾತಿ. ಸಾಫ್ಟ್ ಎಂದರೆ ಸೀಸದ ಮೂತಿ, ಒಳಹೊಕ್ಕು ಅರಳುತ್ತದೆ. ಪಕ್ಕೆಗೆ ಹೊಡೆಯಲು ಒಳ್ಳೆಯದು. ಸಾಲಿಡ್ ಅರಳುವುದಿಲ್ಲ, ಮೂಳೆ ಸೀಳಿಕೊಂಡು ಹೋಗುತ್ತದೆ.
"ಎಮ್ಮೆಗಳು ಇಂಡಲ್ಲಿ ಇರ್ತವಂತೆ. ಸಾಲಿಡ್ ಆಚೆ ಓಗಿ ಇನ್ನೊಂದಕ್ಕೆ ತಗಲಿದ್ರೆ? ಎರಡಕ್ಕೂ ಸಾಫ್ಟೇ ಆಕ್ಬುಡಾಣಾ ಸಾರ್?"
ಬಲ ನಳಿಗೆ ಮೊದಲು, ಅದಕ್ಕೆ ಸಾಫ್ಟ್. ಆಮೇಲಿನ ಎಡಕ್ಕೆ ಸಾಲಿಡ್. ಏಟು ತಿಂದ ಕಾಡೆಮ್ಮೆ ನೇರ ಮೇಲೆ ಬರುತ್ತದೆ, ಎದುರಿಗೆ ಬರೀ ಮೂಳೆ... ಬಾಯಿವರೆಗೂ ಬಂತು. ಅಷ್ಟೆಲ್ಲ ವಿವರಿಸಬೇಕಲ್ಲ ಅನ್ನಿಸಿತು.
"ಆಯ್ತು" ಎಂದೆ. ಎರಡಕ್ಕೂ ಸಾಫ್ಟ್ ಎಂದು ಚೀಟಿ ಬರೆದು ಸಹಿ ಹಾಕಿದೆ. ಕೂತಲ್ಲೇ ಸಂಜೆಯಾಯಿತು.

ಜುಲೈ 2
ನಯನಾ ಬಂದಿದ್ದಳು. ಇನ್ಸುಲಿನ್ ಪೆನ್ನುಗಳನ್ನು ಅವಳೇ ತೆಗೆದಳು. "ಅಪ್ಪಾ, ಒಂದ್ಸಲ ಅತ್ತ್‌ಬಿಡಿ" ಎಂದಳು. ಹೂಂ ಎಂದೆ.
ಅನಂತರಾಜುಗೆ ಫೋನ್ ಮಾಡಬೇಕು, ಎಡ ನಳಿಗೆಯ ವಿಷಯ. ನಾಳೆ.

ಜುಲೈ 30
ಹೊರಟಿರಬೇಕು ಅವರು. ಫೋನ್ ಮಾಡಲಿಲ್ಲ.

ಆಗಸ್ಟ್ 17. ಸಂಜೆ
ಅನಂತರಾಜು ಬಂದರು. ಕಾಫಿ ಮುಟ್ಟಲಿಲ್ಲ. ಮೊದಲ ಗುಂಡು ಹೊಟ್ಟೆಯ ಕಡೆಗೆ ಬಿತ್ತಂತೆ. ಎಮ್ಮೆ ಪೊದೆ ಹೊಕ್ಕಿತು. ಅಲ್ಲಿಯವನೊಬ್ಬ ಹೆಜ್ಜೆ ಗುರುತು ನೋಡುತ್ತ ಮುಂದೆ ನಡೆದ. ಇವರು ಹಿಂದೆ. ಇಪ್ಪತ್ತು ಮಾರು ದೂರದಿಂದ ಎದ್ದು ಬಂತು.
"ಅಣೆಗೇ ಒಡ್ದೆ ಸಾರ್. ಸರಿಯಾಗೇ ಬಿತ್ತು. ನಿಲ್ಲಲೇ ಇಲ್ಲ. ಸೀದಾ ಅವ್ನ್ ಮೇಲೆ..."
ಬೇಟೆಗೆ ಕರೆದೊಯ್ದಿದ್ದ ಗೈಡ್ ಅದನ್ನು ಕೆಡವುವಷ್ಟರಲ್ಲಿ ಆ ಮನುಷ್ಯ ಹೋಗಿಬಿಟ್ಟಿದ್ದ.
"ಎರಡೂ ಸಾಫ್ಟಾ ಅಂತ ಗೈಡ್ ಮೊದ್ಲೇ ಕೇಳಿದ್ದ ಸಾರ್. ನಮ್ಮೂರಲ್ಲಿ ತಿಳ್ದೋರು ಬರ್ಕೊಟ್ಟವ್ರೆ ಅಂದೆ."
ದೂರುವ ದನಿಯಲ್ಲ ಅದು. ನಾನು ಸತ್ತವನ ಹೆಸರು ಕೇಳಿದೆ. ಎಲಿಯಾಸ್. ಹೆಂಡತಿ ಇದ್ದಾಳಂತೆ.

ಆಗಸ್ಟ್ 18. ಬೆಳಿಗ್ಗೆ 8
ಎಲಿಯಾಸನ ಹೆಂಡತಿಗೆ ಕಾಗದ ಬರೆದುಕೊಟ್ಟರೆ ಇಂಗ್ಲಿಷ್ ಮಾಡಿಸಿ ಕಳಿಸುವುದಾಗಿ ಅನಂತರಾಜು ಹೇಳಿದ್ದಾರೆ. ಮೊದಲು ಇಲ್ಲಿ ಬರೆದುನೋಡುತ್ತೇನೆ.

ಅಮ್ಮಾ, ನಾನು ಬೆಂಗಳೂರಿನವನು. ನಿಮ್ಮ ಗಂಡನನ್ನು ನೋಡಿದವನಲ್ಲ. ಎರಡನೆಯ ಗುಂಡು ಯಾವುದಿರಬೇಕು ಎಂದು ನನಗೆ ಗೊತ್ತಿತ್ತು. ಮರೆತಿರಲಿಲ್ಲ. ಹೇಳಲಿಲ್ಲ. ಏಕೆಂದರೆ ಆಗಷ್ಟೇ ನನ್ನ ಹೆಂಡತಿ —

ಇಲ್ಲ. ಅದು ಕಾರಣವಲ್ಲ.

ಅಮ್ಮಾ, ಆ ಮಧ್ಯಾಹ್ನ ನನಗೆ ಬಾಯಿ ತೆರೆಯಲು —